ಹಳೇ ಗೇಮಿಂಗ್ ಪಿಸಿ: ರೊಕ್ಕ ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಬೇಡ

ಹೋದ ಬೇಸಿಗೆಯ ಒಂದು ಸಂಜೆ ಧಾರವಾಡದ ಸಪ್ತಾಪುರದಿಂದ ನಮ್ಮ ಚಿಗವ್ವನ ಮಗ ಫೋನ್ ಮಾಡಿದ. "ಅಣ್ಣಾ, ಪಿಸಿ ಮುಗೀತು. ಗೇಮ್ ಹಚ್ಚಿದ್ರ ಒಂದೊಂದ ಫೋಟೋ ತಿರುವಿ ಹಾಕಿದಂಗ ಕಾಣಾಕತ್ತೈತಿ. ಹೊಸಾದು ತಗೊಳ್ಳೂದ ಬರೋಬ್ಬರಿ. ಅಪ್ಪಗ ನೀನ ಒಂದ್ ಮಾತ ಹೇಳು."

ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಹೋದೆ. ಕ್ಯಾಬಿನೆಟ್ಟಿನ ಬೆನ್ನು ತಿರುಗಿಸಿ ನೋಡಿದರೆ, ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡಿನ ತೂತಿಗೆ ಹಾಕಿದ್ದ. ಹಿಂದಿನ ವಾರ ಕಸ ತೆಗೆಯಲೆಂದು ಎಲ್ಲ ಬಿಚ್ಚಿದ್ದನಂತೆ, ಮರಳಿ ಜೋಡಿಸುವಾಗ ಹೀಗಾಗಿದೆ. 6 ಜಿಬಿಯ ಕಾರ್ಡು ಒಳಗೆ ಕೈಕಟ್ಟಿ ಕೂತಿತ್ತು. ಗೇಮು ಓಡುತ್ತಿದ್ದುದು ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸಿನ ಮೇಲೆ. ಕೇಬಲ್ ಕಿತ್ತು ನಾಲ್ಕು ಬೆರಳು ಕೆಳಗೆ ಹಾಕಿದೆ. ಬಾಗಿಲಲ್ಲಿ ನಿಂತಿದ್ದ ಕಾಕಾ "ಖರ್ಚು ಎಷ್ಟಾತು?" ಅಂದರು. "ಒಂದ್ ಕಪ್ ಚಾ ಕುಡಸ್ರಿ ಕಾಕಾ, ಸಾಕು" ಅಂದೆ.

ಆದರೂ ಹುಡುಗನ ದೂರು ಪೂರ್ತಿ ಸುಳ್ಳಾಗಿರಲಿಲ್ಲ. 2017ರ ಡಬ್ಬಿ ಅದು. ಇಂಟೆಲ್ ಐ5-7400 ಪ್ರೊಸೆಸರು, ಎನ್‌ವಿಡಿಯಾದ ಜಿಟಿಎಕ್ಸ್ 1060 ಕಾರ್ಡು, 8 ಜಿಬಿ ರ‍್ಯಾಮಿನ ಒಂದೇ ಕಡ್ಡಿ, 1 ಟಿಬಿ ಹಾರ್ಡ್ ಡಿಸ್ಕು. ನನ್ನದು ಒಂದು ವರ್ಷ ಚಿಕ್ಕದು: 2018ರಲ್ಲಿ ಕೂಡಿಸಿದ ಎಎಂಡಿಯ ರೈಜನ್ 5 2600 ಪ್ರೊಸೆಸರು, ಬಿ450 ಬೋರ್ಡು, ಕಾರ್ಡು ಅದೇ 1060. ಹೊರಗಿನಿಂದ ನೋಡಿದರೆ ಅವಳಿ ಡಬ್ಬಿಗಳು. ಆದರೆ ಒಂದಕ್ಕೆ ಇನ್ನೂ ನಾಲ್ಕೈದು ವರ್ಷದ ಆಯುಷ್ಯವಿತ್ತು, ಇನ್ನೊಂದಕ್ಕೆ ಇರಲಿಲ್ಲ. ಯಾಕೆ ಅನ್ನುವುದು ತಿಳಿದರೆ ನಿಮ್ಮ ಡಬ್ಬಿಗೆ ಏನು ಮಾಡಬೇಕು ಅನ್ನುವುದೂ ಹೆಚ್ಚುಕಮ್ಮಿ ತಿಳಿಯುತ್ತದೆ.

ಬಾಡಿಗೆ ಮನೆಯಲ್ಲಿ ಇದ್ದವರಿಗೆ ಒಂದು ಲೆಕ್ಕ ಗೊತ್ತಿರುತ್ತದೆ. ಗ್ಯಾಸ್ ಒಲೆ ಕೊಳ್ಳುತ್ತಾರೆ, ಮಿಕ್ಸರ್ ಕೊಳ್ಳುತ್ತಾರೆ, ತಿಜೋರಿ ಕೊಳ್ಳುತ್ತಾರೆ. ಮನೆ ಬಿಡುವ ದಿನ ಅವನ್ನೆಲ್ಲ ಟಂಟಂ ಗಾಡಿಗೆ ಹೇರಿಕೊಂಡು ಹೋಗಬಹುದು. ಗ್ವಾಡಿಗೆ ಟೈಲ್ಸ್ ಮಾತ್ರ ಹಾಕಿಸುವುದಿಲ್ಲ. ಹಳೇ ಪಿಸಿ ಅಂದರೆ ಬಾಡಿಗೆ ಮನೆಯೇ. ಇವತ್ತಲ್ಲ ನಾಳೆ ಬಿಡುವುದು ಇದ್ದದ್ದೇ. ಹೊಸ ಡಬ್ಬಿಗೂ ಹೊತ್ತು ಒಯ್ಯಬಹುದಾದ ಎಸ್‌ಎಸ್‌ಡಿ (ತಿರುಗದ, ವೇಗದ ಡಿಸ್ಕು), ಎಸ್‌ಎಂಪಿಎಸ್ (ಕರೆಂಟ್ ಹಂಚುವ ಪೆಟ್ಟಿಗೆ), ಗ್ರಾಫಿಕ್ಸ್ ಕಾರ್ಡು, ಮಾನಿಟರ್ ಇವಕ್ಕೆ ಹಾಕಿದ ರೊಕ್ಕ ಮುಳುಗುವುದಿಲ್ಲ. ಹಳೇ ಸಾಕೆಟ್ಟಿನ (ಬೋರ್ಡಿನ ಮೇಲೆ ಪ್ರೊಸೆಸರು ಕೂಡುವ ಜಾಗ) ಪ್ರೊಸೆಸರು, ಹಳೇ ಪೀಳಿಗೆಯ ಡಿಡಿಆರ್4 ರ‍್ಯಾಮು ಇವು ಟೈಲ್ಸ್ ಇದ್ದಂತೆ. ಹಾಕಿಸಲೇಬಾರದು ಅಂತಲ್ಲ, ಅಗ್ಗಕ್ಕೆ ಸಿಕ್ಕರೆ ಮಾತ್ರ ಹಾಕಿಸಿ.

ದಣಿದದ್ದು ಯಾವುದು?

ಬಿಡಿಭಾಗಗಳ ಪಟ್ಟಿ ಹಿಡಿದು ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನ ಅಂಗಡಿಗಳಿಗೆ ಹೊರಡುವ ಮುಂಚೆ ಒಂದು ಸಂಜೆ ಪರೀಕ್ಷೆಗೆ ಕೊಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶವಿದೆ, ಯಾವ ಕಂಪನಿಯ ಕಾರ್ಡಿದ್ದರೂ ನಡೆಯುತ್ತದೆ. ಗೇಮಿನ ಮೂಲೆಯಲ್ಲಿ ಕಾರ್ಡಿನ ಬಳಕೆ, ಶಾಖ, ಸೆಕೆಂಡಿಗೆ ಮೂಡುವ ಫ್ರೇಮುಗಳ (ಚಿತ್ರಗಳ) ಲೆಕ್ಕವನ್ನು ತೋರಿಸುತ್ತದೆ. ಕಾರ್ಡಿನ ಬಳಕೆ 95ರಿಂದ 99 ಶೇಕಡಾ ಇದ್ದರೆ ಕಾರ್ಡೇ ದಣಿದಿದೆ ಅಂತ ಅರ್ಥ. 60ರ ಆಸುಪಾಸಿನಲ್ಲಿದ್ದೂ ಗೇಮು ಕುಂಟುತ್ತಿದ್ದರೆ ಕಾರ್ಡು ಕೆಲಸಕ್ಕಾಗಿ ಕಾಯುತ್ತಿದೆ, ಕೆಲಸ ಹಚ್ಚಬೇಕಾದ ಪ್ರೊಸೆಸರಿಗೆ ಪುರಸೊತ್ತಿಲ್ಲ.

ಇಲ್ಲಿ ಭಾಳ ಮಂದಿ ಎಡವುವುದು ಟಾಸ್ಕ್ ಮ್ಯಾನೇಜರ್ ನೋಡಿ. "ಪ್ರೊಸೆಸರ್ 50 ಶೇಕಡಾ ಅಷ್ಟ ಐತಿ, ಅದು ಆರಾಮ ಐತಿ" ಅನ್ನುತ್ತಾರೆ. ಆ 50 ಎಲ್ಲ ಕೋರುಗಳ, ಅಂದರೆ ಪ್ರೊಸೆಸರಿನೊಳಗಿನ ಎಲ್ಲ ಕೆಲಸಗಾರರ, ಸರಾಸರಿ. ಒಂದು ಕೋರು ಉಸಿರು ಬಿಡುತ್ತ ಓಡುತ್ತಿರಬಹುದು, ಉಳಿದವು ಕಟ್ಟೆಯ ಮೇಲೆ ಕೂತಿರಬಹುದು. ಇದಕ್ಕೊಂದು ಸುಲಭದ ಪರೀಕ್ಷೆ ಇದೆ: ಗೇಮಿನ ರೆಸಲ್ಯೂಶನ್ನನ್ನು 1080ರಿಂದ 720ಕ್ಕೆ ಇಳಿಸಿ. ಫ್ರೇಮುಗಳು ಜಿಗಿದು ಏರಿದರೆ ಸಮಸ್ಯೆ ಕಾರ್ಡಿನದು. ಇದ್ದಲ್ಲೇ ಇದ್ದರೆ ಪ್ರೊಸೆಸರಿನದು, ಇಲ್ಲವೇ ರ‍್ಯಾಮಿನದು. ವ್ಯಾಲೊರಂಟ್, ಸಿಎಸ್2 ತರಹದ ಆನ್‌ಲೈನ್ ಶೂಟಿಂಗ್ ಆಟಗಳಲ್ಲಿ ಸಾಮಾನ್ಯವಾಗಿ ಮೊದಲು ದಣಿಯುವುದು ಪ್ರೊಸೆಸರು. ಕಥೆಯ ದೊಡ್ಡ ಆಟಗಳಲ್ಲಿ ಕಾರ್ಡು. ಹಾಗಾಗಿ "ಯಾವ ಭಾಗ ಬದಲಿಸಲಿ" ಎಂದು ಕೇಳಿದವರಿಗೆ ನನ್ನ ಮರುಪ್ರಶ್ನೆ "ಯಾವ ಗೇಮ್ ಆಡ್ತಿ?" ಅನ್ನುವುದೇ.

ಐದುನೂರರೊಳಗಿನ ಮದ್ದು

ಹುಬ್ಬಳ್ಳಿ-ಧಾರವಾಡದಲ್ಲಿ ಪಿಸಿ ಇಟ್ಟವರಿಗೆ ಧೂಳಿನ ಬಗ್ಗೆ ಪಾಠ ಬೇಕಿಲ್ಲ. ಒಂದು ಕಡೆ ಯರಿ ಹೊಲದ ಮಣ್ಣು, ಇನ್ನೊಂದು ಕಡೆ ಯಾವಾಗ ನೋಡಿದರೂ ಅಗೆದಿಟ್ಟ ರಸ್ತೆ. ಎರಡು ವರ್ಷ ಬಿಟ್ಟರೆ ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯೇ ನೇಯ್ದುಕೊಂಡಿರುತ್ತದೆ. ಬ್ಯಾಡಗಿಯ ಗೆಳೆಯನೊಬ್ಬನ ಕ್ಯಾಬಿನೆಟ್ ಬಿಚ್ಚಿದ ದಿನ ನಾವಿಬ್ಬರೂ ಕಾಲು ತಾಸು ಸೀನಿದ್ದೇವೆ. ಅವನ ಮನೆ ಮೆಣಸಿನಕಾಯಿ ಮಾರುಕಟ್ಟೆಗೆ ಹತ್ತಿರ.

ಶಾಖ ಹೆಚ್ಚಾದರೆ ಚಿಪ್ಪು ಸುಡುವುದಿಲ್ಲ, ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. 1060ರ ಪೀಳಿಗೆಯ ಕಾರ್ಡುಗಳು 83 ಡಿಗ್ರಿಯ ಹತ್ತಿರ ಬಂದವೆಂದರೆ ಹಿಂದೆ ಸರಿಯತೊಡಗುತ್ತವೆ. ಇಂಟೆಲ್ ಪ್ರೊಸೆಸರುಗಳು 100ರ ಹತ್ತಿರ. ಏಪ್ರಿಲ್ ತಿಂಗಳಲ್ಲಿ ಕೋಣೆಯೇ 36, 37 ಡಿಗ್ರಿ ಇರುವಾಗ ಆ ಗಡಿ ಮುಟ್ಟಲು ಎಷ್ಟು ಹೊತ್ತು? ತಮ್ಮನ ಕಾರ್ಡು 84ರಲ್ಲಿ ಓಡುತ್ತಿತ್ತು. ಬಿಚ್ಚಿ, ಚಿಪ್ಪಿಗೂ ಕೂಲರಿಗೂ ನಡುವೆ ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ ಮೇಲೆ 71ಕ್ಕೆ ಬಂತು. ಫ್ಯಾನಿನ ಗದ್ದಲವೂ ಇಳಿಯಿತು. ಅವನವ್ವನಿಗೆ ಹೆಚ್ಚು ಖುಷಿಯಾದದ್ದು ಅದಕ್ಕೇ.

ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಗಾಳಿಗೆ ಅಡ್ಡಾದಿಡ್ಡಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಎಎಂ4 ಸಾಕೆಟ್ಟಿನ ರೈಜನ್ ಇದ್ದವರಿಗೆ ಇನ್ನೊಂದು ಎಚ್ಚರಿಕೆ. ಇದರಲ್ಲಿ ಪಿನ್ನುಗಳು ಇರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ. ಒಣಗಿದ ಪೇಸ್ಟು ಅಂಟಿನಂತೆ ಹಿಡಿದಿರುತ್ತದೆ, ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನು ಬಾಗುತ್ತವೆ. ಬಿಚ್ಚುವ ಮುಂಚೆ ಹತ್ತು ನಿಮಿಷ ಗೇಮ್ ಆಡಿ ಬಿಸಿ ಮಾಡಿ, ಬಂದ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ ಸಡಿಲಿಸಿಕೊಂಡು ಎತ್ತಿ.

ಇದಕ್ಕಿಂತ ಅಗ್ಗದ್ದೊಂದಿದೆ, ಅದನ್ನು ಯಾರೂ ನೋಡುವುದಿಲ್ಲ. ಮದರ್‌ಬೋರ್ಡಿನ ಮೇಲೆ ನಾಣ್ಯದ ಆಕಾರದ ಸೆಲ್ಲು, ಸಿಆರ್2032. ಏಳೆಂಟು ವರ್ಷವಾದರೆ ಅದು ಸಾಯುತ್ತದೆ. ಪ್ಲಗ್ ತೆಗೆದಾಗಲೆಲ್ಲ ದಿನಾಂಕ ಹಿಂದೆ ಹೋಗುತ್ತದೆ, ವೆಬ್‌ಸೈಟುಗಳು ತೆರೆಯುವುದಿಲ್ಲ. ಅದರ ಜೊತೆಗೆ ಬಯೋಸಿನಲ್ಲಿ (ಬೋರ್ಡಿನ ಮೂಲ ತಂತ್ರಾಂಶದಲ್ಲಿ) ಮಾಡಿಟ್ಟ ರ‍್ಯಾಮಿನ ಎಕ್ಸ್‌ಎಂಪಿ ವೇಗವೂ, ಅಂದರೆ ಅದರ ಮೇಲೆ ಬರೆದ ಪೂರ್ತಿ ವೇಗವೂ, ಅಳಿಸಿಹೋಗುತ್ತದೆ. ನನ್ನ 3000ದ ರ‍್ಯಾಮು ಎಷ್ಟೋ ತಿಂಗಳು 2133ರಲ್ಲಿ ಓಡುತ್ತಿತ್ತು, ನಾನು "ಹೊಸ ಗೇಮುಗಳೇ ಭಾರ" ಅಂದುಕೊಂಡಿದ್ದೆ. ಹಳೇ ರೈಜನ್‌ಗಳಿಗೆ ರ‍್ಯಾಮಿನ ವೇಗ ಭಾಳ ಮುಖ್ಯ, ಒಳಗಿನ ಕೋರುಗಳು ಮಾತಾಡಿಕೊಳ್ಳುವ ದಾರಿಯ ವೇಗ ಅದಕ್ಕೇ ಕಟ್ಟಿಕೊಂಡಿರುತ್ತದೆ. ದುರ್ಗದಬೈಲಿನ ಗಡಿಯಾರದ ಅಂಗಡಿಯಲ್ಲಿ ನಲವತ್ತು ರೂಪಾಯಿ ಕೊಟ್ಟು ಸೆಲ್ ತಂದೆ. ಆ ವರ್ಷ ನಾನು ಮಾಡಿದ ಒಳ್ಳೇ ಅಪ್‌ಗ್ರೇಡ್ ಅದು.

ಎಸ್‌ಎಸ್‌ಡಿ ಮೊದಲೋ, ರ‍್ಯಾಮ್ ಮೊದಲೋ?

ಇನ್ನೂ ಹಾರ್ಡ್ ಡಿಸ್ಕಿನ ಮೇಲೆಯೇ ವಿಂಡೋಸ್ ಇದ್ದರೆ ಚರ್ಚೆಯೇ ಬೇಡ, ಎಸ್‌ಎಸ್‌ಡಿ. ತಿರುಗುವ ಡಿಸ್ಕು ಚೆನ್ನಾಗಿ ಓದಿದರೂ ಸೆಕೆಂಡಿಗೆ 150 ಎಂಬಿ ಆಸುಪಾಸು. ಸಾಟಾ ಕೇಬಲ್ಲಿನಿಂದ ಜೋಡಿಸುವ ಎಸ್‌ಎಸ್‌ಡಿ 550ರ ಹತ್ತಿರ. ಅದಕ್ಕಿಂತ ದೊಡ್ಡ ಅಂತರವಿರುವುದು ಚಿಕ್ಕ ಚಿಕ್ಕ ಕಡತಗಳನ್ನು ಅಲ್ಲಲ್ಲಿ ಹುಡುಕಿ ತೆಗೆಯುವುದರಲ್ಲಿ, ಗೇಮು ಮಾಡುವುದು ಆ ಕೆಲಸವನ್ನೇ. 2023ರ ಸ್ಟಾರ್‌ಫೀಲ್ಡ್ ತನ್ನ ಕನಿಷ್ಠ ಅಗತ್ಯದಲ್ಲೇ ಎಸ್‌ಎಸ್‌ಡಿ ಬೇಕೆಂದು ಬರೆದುಕೊಂಡು ಬಂತು. ಎಸ್‌ಎಸ್‌ಡಿ ಹಾಕಿದರೆ ಸರಾಸರಿ ಫ್ರೇಮು ಏರುವುದಿಲ್ಲ ಅನ್ನುವುದು ನಿಜ. ನಡುನಡುವೆ ಗಕ್ಕನೆ ನಿಲ್ಲುವುದು ಕಡಿಮೆಯಾಗುತ್ತದೆ. ಆಡುವವನಿಗೆ ಸಿಟ್ಟು ಬರುವುದು ಆ ನಿಲ್ಲುವಿಕೆಗೇ ತಾನೆ.

ಎನ್‌ವಿಎಂಇ (ಬೋರ್ಡಿಗೇ ನೇರ ಸಿಕ್ಕಿಸುವ, ಇನ್ನೂ ವೇಗದ ಎಸ್‌ಎಸ್‌ಡಿ) ಬೇಕೋ ಸಾಟಾ ಸಾಕೋ? ಹಳೇ ಬೋರ್ಡಿಗೆ ಸಾಟಾ ಸಾಕು. ಗೇಮ್ ತೆರೆಯುವ ಹೊತ್ತಿನಲ್ಲಿ ಎರಡರ ನಡುವಿನ ವ್ಯತ್ಯಾಸ ಕೆಲವೇ ಸೆಕೆಂಡು. ಆದರೆ ನಿಮ್ಮ ಬೋರ್ಡಿನಲ್ಲಿ ಎಂ.2 ಕಿಂಡಿ ಇದ್ದು ಬೆಲೆಯೂ ಹತ್ತಿರ ಇದ್ದರೆ ಎನ್‌ವಿಎಂಇ ತಗೊಳ್ಳಿ. ಬಾಡಿಗೆ ಮನೆ ಲೆಕ್ಕ, ಹೊಸ ಡಬ್ಬಿಗೆ ಅದೇ ಹೋಗುತ್ತದೆ.

ರ‍್ಯಾಮು 8 ಜಿಬಿ ಇದ್ದರೆ 16 ಮಾಡಿ, 16 ಇದ್ದರೆ ಬಿಡಿ. 32ರ ಆಸೆ ಹಳೇ ಡಬ್ಬಿಗೆ ಬೇಡ. ಒಂದೇ ಕಡ್ಡಿ ಇದ್ದವರಿಗೆ ಎರಡನೇ ಕಡ್ಡಿ ಹಾಕುವುದರಿಂದ ದುಪ್ಪಟ್ಟು ಲಾಭ: ಜಾಗವೂ ಹೆಚ್ಚಿತು, ಡ್ಯುಯಲ್ ಚಾನೆಲ್ಲೂ ಆಯಿತು. ಪ್ರೊಸೆಸರು ಒಂದೇ ಕೊಡದಲ್ಲಿ ನೀರು ಹೊರುತ್ತಿದ್ದದ್ದು ಎರಡೂ ಕೈಗೆ ಕೊಡ ಸಿಕ್ಕಂತೆ. ಕಡ್ಡಿಗಳನ್ನು ಹಾಕುವುದು ಸಾಮಾನ್ಯವಾಗಿ ಎರಡನೇ ಮತ್ತು ನಾಲ್ಕನೇ ಕಿಂಡಿಗೆ. ಬೋರ್ಡಿನ ಪುಸ್ತಕ ನೋಡಿ ಖಾತ್ರಿ ಮಾಡಿಕೊಳ್ಳಿ.

ಒಂದು ಮಾತು. 2025ರ ಕೊನೆಯಿಂದ ಮೆಮೊರಿ ಬೆಲೆಗೆ ಬೆಂಕಿ ಬಿದ್ದಿದೆ, ಎಐ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಮೇಯುತ್ತಿವೆ. ಡಿಡಿಆರ್4 ಹಳತಾಯಿತು ಅಂತ ಅಗ್ಗವಾಗಲಿಲ್ಲ, ತಯಾರಕರೇ ಅದನ್ನು ಕಡಿಮೆ ಮಾಡುತ್ತ ಬಂದಿದ್ದಾರೆ. ಹಾಗಾಗಿ ರ‍್ಯಾಮಿಗೆ ನಾನು ಸೆಕೆಂಡ್ ಹ್ಯಾಂಡ್ ಅನ್ನೇ ಹೇಳುತ್ತೇನೆ. ಬಳಸಿದ ಬಿಡಿಭಾಗಗಳಲ್ಲಿ ಕೆಡುವ ಸಂಭವ ಕಡಿಮೆ ಇರುವವುಗಳಲ್ಲಿ ಇದೂ ಒಂದು. ಮೆಮ್‌ಟೆಸ್ಟ್86 ಅನ್ನುವುದನ್ನು ಪೆನ್‌ಡ್ರೈವಿಗೆ ಹಾಕಿ ಒಂದು ರಾತ್ರಿ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಕಡ್ಡಿ ಹಿಂದಿರುಗಿಸಿ.

ಪ್ರೊಸೆಸರು: ಎರಡು ಡಬ್ಬಿಗಳ ಹಣೆಬರಹ ಬೇರೆಯಾದದ್ದು ಇಲ್ಲೇ

ತಮ್ಮನ ಐ5-7400 ನಾಲ್ಕು ಕೋರು, ನಾಲ್ಕೇ ಥ್ರೆಡ್ಡಿನದು (ಒಂದೇ ಹೊತ್ತಿಗೆ ಹಿಡಿಯಬಲ್ಲ ಕೆಲಸದ ಎಳೆ). ಇಂದಿನ ಗೇಮುಗಳಿಗೆ ಅದು ಸಾಲದು. ಆ ಬಿ250 ಬೋರ್ಡಿಗೆ ಹಾಕಬಹುದಾದ ದೊಡ್ಡ ಪ್ರೊಸೆಸರ್ ಐ7-7700 ಇಲ್ಲವೇ ಅದರದ್ದೇ 7700ಕೆ, ನಾಲ್ಕು ಕೋರು, ಎಂಟು ಥ್ರೆಡ್ಡು. ಹೊಸದು ಸಿಗುವುದಿಲ್ಲ. ಹಳೇದಕ್ಕೆ ಮಾರುವವರು ಹೇಳುವ ಬೆಲೆ ಅದರ ಯೋಗ್ಯತೆಗೆ ಮೀರಿದ್ದು, ಯಾಕೆಂದರೆ ಆ ಸಾಕೆಟ್ಟಿನ ಕೊನೇ ಮೆಟ್ಟಿಲು ಅದೇ, ನಿಮ್ಮಂಥ ನೂರು ಜನ ಅದನ್ನೇ ಹುಡುಕುತ್ತಿರುತ್ತಾರೆ. ಅಷ್ಟು ಕೊಟ್ಟು ತಂದರೂ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದಿಲ್ಲ. ಗ್ವಾಡಿಗೆ ಟೈಲ್ಸ್ ಅಂದರೆ ಇದೇ.

"8ನೇ ಪೀಳಿಗೆಯ ಐ5-8400 ಹಾಕ್ರಿ, ಸಾಕೆಟ್ ಅದ ಐತಿ, ಕೂಡ್ತದ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಾಕೆಟ್ಟಿನ ಹೆಸರು 1151 ಅನ್ನುವುದು ನಿಜ, ಚಿಪ್ಪು ಕೂಡುವುದೂ ನಿಜ, ಆದರೆ ಅದಕ್ಕೆ 300 ಸರಣಿಯ ಬೋರ್ಡೇ ಬೇಕು.

ನನ್ನ ಎಎಂ4 ಬೋರ್ಡಿನ ಕಥೆ ಬೇರೆ. 2017ರ ಮೊದಲ ರೈಜನ್ ಕೂತ ಸಾಕೆಟ್ಟಿನಲ್ಲೇ 2022ರ ರೈಜನ್ 5 5600 ಕೂಡುತ್ತದೆ. ಬಯೋಸ್ ಒಂದು ಹೊಸದು ಹಾಕಬೇಕು ಅಷ್ಟೆ. 2600 ತೆಗೆದು 5600 ಹಾಕಿದ ಮೇಲೆ ನನ್ನ ವ್ಯಾಲೊರಂಟಿನ ಫ್ರೇಮು ಒಂದೂವರೆ ಪಟ್ಟು ದಾಟಿತು. ಬೋರ್ಡು ಅದೇ, ರ‍್ಯಾಮು ಅದೇ, ವಿದ್ಯುತ್ತೂ ಅದೇ 65 ವ್ಯಾಟಿನ ವರ್ಗ. ಡಬ್ಬಿಯೊಳಗೆ ಕೂಲರ್ ಕೂಡ ಕೊಟ್ಟಿದ್ದರು. ಎಎಂ4 ಬೋರ್ಡಿದ್ದೂ ಪೂರ್ತಿ ಪಿಸಿ ಮಾರಲು ಹೊರಟವರನ್ನು ನೋಡಿದರೆ ನನಗೆ ಹೊಟ್ಟೆಯುರಿಯುತ್ತದೆ.

ಬಯೋಸ್ ಹಾಕುವಾಗ ಮಾತ್ರ ಹೆಸ್ಕಾಂ ಮೇಲೆ ಭಾರ ಹಾಕಿ ಕೂಡಬೇಡಿ. ಆ ಐದು ನಿಮಿಷದಲ್ಲಿ ಕರೆಂಟ್ ಹೋದರೆ ಬೋರ್ಡು ಕಲ್ಲಾಗಬಹುದು. ಯುಪಿಎಸ್ ಇಲ್ಲದಿದ್ದರೆ ಯಾರ ಮನೆಯಲ್ಲಿದೆಯೋ ಅಲ್ಲಿಗೆ ಕ್ಯಾಬಿನೆಟ್ ಹೊತ್ತುಕೊಂಡು ಹೋಗಿ; ಮಳೆಗಾಲದ ಗುಡುಗಿನ ಸಂಜೆಯಂತೂ ಬೇಡವೇ ಬೇಡ. ಮತ್ತೆ, ಬಯೋಸ್ ಬದಲಿಸುವುದು ಹಳೇ ಪ್ರೊಸೆಸರ್ ಸಾಕೆಟ್ಟಿನಲ್ಲಿ ಇರುವಾಗಲೇ. ಇದನ್ನು ಮರೆತು ಮೊದಲೇ 5600 ಕೂಡಿಸಿ, ತೆರೆಯಲ್ಲಿ ಏನೂ ಬರದೆ ಅರ್ಧ ರವಿವಾರ ಕಳೆದವನು ನಾನೇ.

ಕಾರ್ಡು

ಎಲ್ಲರ ಕಣ್ಣು ಇರುವುದು ಇದರ ಮೇಲೆ, ಮೋಸ ಹೆಚ್ಚಾಗುವುದೂ ಇದರಲ್ಲೇ.

ಮೊದಲು, ಇದ್ದ ಕಾರ್ಡಿನಲ್ಲೇ ಇನ್ನೆಷ್ಟು ದಿನ ತಳ್ಳಬಹುದು ನೋಡಿ. ಎಎಂಡಿಯ ಎಫ್‌ಎಸ್‌ಆರ್ ಇರುವ ಗೇಮುಗಳಲ್ಲಿ ಅದನ್ನು ಹಚ್ಚಿ. ಎನ್‌ವಿಡಿಯಾದ ಹಳೇ 1060ಗೂ ಅದು ನಡೆಯುತ್ತದೆ. ಕ್ವಾಲಿಟಿ ಅನ್ನುವ ಆಯ್ಕೆಯಲ್ಲಿ ಗೇಮು ಒಳಗೆ 1280×720ರಲ್ಲಿ ಚಿತ್ರ ಬರೆದು ಹೊರಗೆ 1080ಕ್ಕೆ ಹಿಗ್ಗಿಸುತ್ತದೆ. ದೂರದ ಗಿಡದ ಎಲೆಗಳು ಸ್ವಲ್ಪ ಮಸುಕಾಗುತ್ತವೆ, ಅಷ್ಟೆ. ಇದೇ ತರಹದ, ಎನ್‌ವಿಡಿಯಾದ್ದೇ ಆದ ಡಿಎಲ್‌ಎಸ್‌ಎಸ್ ಮಾತ್ರ ಆರ್‌ಟಿಎಕ್ಸ್ ಕಾರ್ಡುಗಳಿಗೆ ಮೀಸಲು, 1060ಗೆ ಸಿಗದು. ನೆರಳಿನ ಗುಣಮಟ್ಟ ಎರಡು ಮೆಟ್ಟಿಲು ಇಳಿಸಿ. ಕಾರ್ಡಿನ ಜೀವ ಹೆಚ್ಚು ತಿನ್ನುವವುಗಳಲ್ಲಿ ನೆರಳೂ ಒಂದು. ಟೆಕ್ಸ್ಚರ್ ಇಳಿಸುವ ಅಗತ್ಯ ಕಾರ್ಡಿನ ಮೆಮೊರಿ ತುಂಬಿದಾಗಷ್ಟೇ. ಇನ್ನು ಮಾನಿಟರು 60 ಹರ್ಟ್ಸಿನದಾಗಿದ್ದರೆ, ನಿಧಾನದ ಕಥೆಯ ಆಟಗಳಲ್ಲಿ ಫ್ರೇಮನ್ನು 60ಕ್ಕೆ ಕಟ್ಟಿಹಾಕಿ. ಕಾಣದ ಫ್ರೇಮಿಗೆ ಕಾರ್ಡನ್ನು ಯಾಕೆ ಕಾಯಿಸಬೇಕು?

ಆದರೆ 1060ಗೆ ಗಡಿಯಾರ ಓಡತೊಡಗಿದೆ. ಅದರ ಪೀಳಿಗೆಗೆ ಹೊಸ ಗೇಮುಗಳಿಗೆಂದು ಹೊಂದಿಸಿದ ಡ್ರೈವರುಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ಮುಗಿಸಿತು, ಭದ್ರತೆಯ ತೇಪೆಗಳಷ್ಟೇ 2028ರ ಅಕ್ಟೋಬರ್‌ವರೆಗೆ ಬರುತ್ತವೆ. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಆಟ, 2025ರ ಡೂಮ್ ಇವೆರಡೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಯಂತ್ರಾಂಶ ಇಲ್ಲದ ಕಾರ್ಡುಗಳನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ಅಲ್ಲಿ ಸೆಟ್ಟಿಂಗ್ ಇಳಿಸುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಯಾವುದು? ಹಳೇ ಡಬ್ಬಿಗೆ ಕಾರ್ಡು ಆರಿಸುವಾಗ ಬರೀ ಫ್ರೇಮಿನ ಪಟ್ಟಿ ನೋಡಿದರೆ ಸಾಲದು, ಕಾರ್ಡು ಬೋರ್ಡಿನೊಂದಿಗೆ ಎಷ್ಟು ಅಗಲದ ದಾರಿಯಲ್ಲಿ ಮಾತಾಡುತ್ತದೆ ಅನ್ನುವುದನ್ನೂ ನೋಡಬೇಕು. ಆ ದಾರಿಯ ಹೆಸರು ಪಿಸಿಐಇ, ನಮ್ಮ ಎರಡೂ ಬೋರ್ಡುಗಳಲ್ಲಿರುವುದು ಅದರ ಹಳೇ 3.0 ಪೀಳಿಗೆ. ಆರ್‌ಎಕ್ಸ್ 6500 ಎಕ್ಸ್‌ಟಿ ನಾಲ್ಕೇ ಲೇನಿನ ಕಾರ್ಡು, ಮೆಮೊರಿಯೂ 4 ಜಿಬಿ. ಹೊಸ ಬೋರ್ಡಿನಲ್ಲಿ ಹೇಗೋ ನಡೆದೀತು, 3.0 ಬೋರ್ಡಿನಲ್ಲಿ ಆ ಇಕ್ಕಟ್ಟಿನ ಓಣಿಯಲ್ಲಿ ಸಿಕ್ಕಿ ಒದ್ದಾಡುತ್ತದೆ. "ಹೊಸಾದು, ಅಗ್ಗ" ಅಂತ ಅದನ್ನು ಹಳೇ ಪಿಸಿಗೆ ಕೊಡಿಸುವುದು ನೋಡಿದ್ದೇನೆ, ಅದೇ ತಪ್ಪು ಜೋಡಿ. ಆರ್‌ಎಕ್ಸ್ 6600 ಎಂಟು ಲೇನಿನದು, 8 ಜಿಬಿ, 132 ವ್ಯಾಟ್. ಸ್ವಲ್ಪ ಸೋರಿಕೆ ಇದ್ದರೂ ಕಾಣುವಷ್ಟಿಲ್ಲ. ಆರ್‌ಟಿಎಕ್ಸ್ 3060ಗೆ ಹದಿನಾರು ಲೇನು, 12 ಜಿಬಿ. ತಿನ್ನುವುದು 170 ವ್ಯಾಟ್, ಅದಕ್ಕೆ ತಕ್ಕ ಎಸ್‌ಎಂಪಿಎಸ್ ಬೇಕು, ಆದರೆ ಡಿಎಲ್‌ಎಸ್‌ಎಸ್ ಸಿಗುತ್ತದೆ, ವಿಡಿಯೋ ಎಡಿಟಿಂಗ್ ಮಾಡುವವರಿಗೆ ಇದೇ ಲೇಸು. ಆರ್‌ಟಿಎಕ್ಸ್ 4060 ಹಸಿವು ಕಡಿಮೆಯ ಕಾರ್ಡು, 115 ವ್ಯಾಟ್. ಹಳೇ ಎಸ್‌ಎಂಪಿಎಸ್ಸಿಗೆ ಹಗುರ, ಜೇಬಿಗೆ ಭಾರ.

ಇಂಟೆಲ್ಲಿನ ಆರ್ಕ್ ಬಿ580 ಕಾಗದದ ಮೇಲೆ ಇವೆಲ್ಲಕ್ಕಿಂತ ಆಕರ್ಷಕ, 12 ಜಿಬಿ ಬೇರೆ. ಹಳೇ ಡಬ್ಬಿಗೆ ಬೇಡ. ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರು ಒಮ್ಮೆಗೇ ಮುಟ್ಟುವ ಸೌಲಭ್ಯ) ಬೇಕು, ನಮ್ಮ 7400, 2600ಗಳ ಕಾಲದಲ್ಲಿ ಅದು ಇರಲಿಲ್ಲ. ಹಳೇ ಪ್ರೊಸೆಸರಿನೊಂದಿಗೆ ಹಾಕಿದಾಗ ಅದರ ಡ್ರೈವರಿನ ಭಾರಕ್ಕೆ ಫ್ರೇಮು ಕುಸಿಯುವುದನ್ನು ಪರೀಕ್ಷಕರು ತೋರಿಸಿದ್ದಾರೆ.

ನನ್ನ ಆಯ್ಕೆ 6600, ಸೆಕೆಂಡ್ ಹ್ಯಾಂಡ್. ಗದಗಿನ ಹುಡುಗನೊಬ್ಬ ಮಾರಾಟಕ್ಕಿಟ್ಟಿದ್ದ. ಕೊರಿಯರ್ ಮಾಡ್ತೀನಿ ಅಂದ, ನಾನೇ ಬರ್ತೀನಿ ಅಂದು ರೈಲು ಹತ್ತಿದೆ. "ಮೈನಿಂಗ್‌ಗೆ ಹಚ್ಚಿಲ್ಲರಿ ಸರ, ಖರೇ ಹೇಳ್ತೀನಿ" ಅಂದ. ಹಚ್ಚಿದ್ದರೂ ನಾನು ಹೆದರುತ್ತಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಎಥಿರಿಯಂ ಎಂಬ ಕ್ರಿಪ್ಟೊ ನಾಣ್ಯ ತನ್ನ ಪದ್ಧತಿ ಬದಲಿಸಿ, ಕಾರ್ಡುಗಳಿಂದ ಅದನ್ನು ಗಳಿಸುವುದು (ಮೈನಿಂಗ್) ನಿಂತ ಮೇಲೆ ಆ ದಂಧೆಯ ಕಾರ್ಡುಗಳು ಮಾರುಕಟ್ಟೆಗೆ ಸುರಿದವು, ಅವುಗಳಲ್ಲಿ ಎಷ್ಟೋ ಇವತ್ತಿಗೂ ಓಡುತ್ತಿವೆ. ಸವೆದಿರುವುದು ಫ್ಯಾನು, ಒಣಗಿರುವುದು ಪೇಸ್ಟು. ನೋಡಬೇಕಾದ್ದು ಬೇರೆ. ಅವನ ಪಿಸಿಯಲ್ಲೇ ಇಪ್ಪತ್ತು ನಿಮಿಷ ಭಾರದ ಗೇಮ್ ಓಡಿಸಿ. ತೆರೆಯ ಮೇಲೆ ಬಣ್ಣದ ಚುಕ್ಕೆ, ಗೆರೆ ಮಿಂಚಿದರೆ ಮೆಮೊರಿಯೋ ಚಿಪ್ಪೋ ಹೋಗಿರಬಹುದು, ಎದ್ದು ಬನ್ನಿ. ಫ್ಯಾನಿನಲ್ಲಿ ಕರಕರ ಸದ್ದಿದೆಯೇ ಕೇಳಿ. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಲ್ಲಿನ ಮೇಲಿನ ಸೀರಿಯಲ್ ನಂಬರೂ ಕಾರ್ಡಿನದೂ ಒಂದೇ ಇದ್ದು ವಾರಂಟಿ ಉಳಿದಿದ್ದರೆ ಐದುನೂರು, ಸಾವಿರ ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ. ಕೊನೆಗೆ ಕಾರ್ಡಿನ ಒಳವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆಯಿರಿ. ಹಳೇ ಚಿಪ್ಪಿಗೆ ಹೊಸ ಹೆಸರಿನ ಬಯೋಸ್ ತುಂಬಿ 1050 ಟಿಐ ಅಂತ ಮಾರುವ ದಂಧೆ ಇದೆ. ಎನ್‌ವಿಡಿಯಾ ಹೆಸರಿನ ಅಂಥ ಖೋಟಾ ಕಾರ್ಡುಗಳನ್ನು ಈ ತಂತ್ರಾಂಶ ಗುರುತಿಸಿ ಹೇಳುತ್ತದೆ.

ಖೋಟಾ ಅಲ್ಲದೆಯೂ ಕಣ್ಣಿಗೆ ಮಣ್ಣೆರಚುವ ಕಾರ್ಡುಗಳಿವೆ. ಬ್ಯಾಡಗಿ ಗೆಳೆಯ ಆನ್‌ಲೈನಿನಲ್ಲಿ ಆರ್‌ಎಕ್ಸ್ 580 ಸೋವಿ ಸಿಕ್ಕಿತೆಂದು ತರಿಸಿದ. ಬಂದದ್ದು 580 2048ಎಸ್‌ಪಿ. ನಿಜವಾದ 580ರಲ್ಲಿ 2304 ಕೋರುಗಳು, ಇದರಲ್ಲಿ 2048, ಅಂದರೆ 570ಗೆ 580ರ ಅಂಗಿ. ಹಾಗೆಯೇ 1060ರಲ್ಲೂ 3 ಜಿಬಿಯದಕ್ಕೆ ಮೆಮೊರಿಯಷ್ಟೇ ಅಲ್ಲ, ಕೋರುಗಳೂ ಕಡಿಮೆ.

ಎಸ್‌ಎಂಪಿಎಸ್

ಹೊಸ ಕಾರ್ಡು ತಂದು ಹಳೇ ಎಸ್‌ಎಂಪಿಎಸ್ಸಿಗೆ ಹಚ್ಚುವುದು, ಹೊಸ ಎತ್ತನ್ನು ಹಳೇ ಹಗ್ಗಕ್ಕೆ ಕಟ್ಟಿದಂತೆ. ನನ್ನ ಮೊದಲ ಎಸ್‌ಎಂಪಿಎಸ್ಸನ್ನು ಅಂಗಡಿಯವರೊಬ್ಬರು ಕ್ಯಾಬಿನೆಟ್ಟಿನ ಜೊತೆಗೇ ಹೊಂದಿಸಿ ಕೊಟ್ಟಿದ್ದರು. ಮೇಲೆ 500 ವ್ಯಾಟ್ ಅಂತ ದಪ್ಪ ಅಕ್ಷರ, ಎತ್ತಿದರೆ ಖಾಲಿ ಡಬ್ಬಿಯಷ್ಟು ಹಗುರ. ಎರಡನೇ ವರ್ಷ ಗೇಮಿನ ನಡುವೆ ಢಂ ಎಂದಿತು, ಹೋಗುವಾಗ ಒಂದು ರ‍್ಯಾಮನ್ನೂ ಕರೆದುಕೊಂಡು ಹೋಯಿತು. ಅದರ ಚೀಟಿಯಲ್ಲಿ 12 ವೋಲ್ಟಿನ ಸಾಲು ನೋಡಬೇಕಿತ್ತು. ಆ ಸಾಲಿನ ಆಂಪಿಯರನ್ನು 12ರಿಂದ ಗುಣಿಸಿದರೆ ಬರುವುದೇ ಕಾರ್ಡಿಗೂ ಪ್ರೊಸೆಸರಿಗೂ ಸಿಗುವ ನಿಜವಾದ ವ್ಯಾಟು. 18 ಆಂಪಿಯರ್ ಇದ್ದರೆ 216 ವ್ಯಾಟ್, ಹೊರಗೆ 500 ಅಂತ ಬರೆದಿದ್ದರೂ.

80 ಪ್ಲಸ್ ಎಂಬ ದಕ್ಷತೆಯ ಗುರುತಿರುವ, ಹೆಸರುಳ್ಳ ಕಂಪನಿಯ 550 ವ್ಯಾಟಿನದು ಈ ಎಲ್ಲ ಕಾರ್ಡುಗಳಿಗೂ ಸಾಕು, ಮುಂದಿನ ಡಬ್ಬಿಗೂ ಬರುತ್ತದೆ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಯುಪಿಎಸ್ ಇದ್ದವರು ಒಂದು ಲೆಕ್ಕ ನೆನಪಿಡಿ: 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್.

ವಿಂಡೋಸ್ 10ರ ಪಂಚಾಯ್ತಿ

2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಭದ್ರತೆಯ ತೇಪೆಗಳು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಕೀಲಿ ಕಾಯುವ ಚಿಪ್ಪು) ಬೇಕು, ಇಂಟೆಲ್ಲಿನಲ್ಲಿ 8ನೇ ಪೀಳಿಗೆಯಿಂದ, ರೈಜನ್‌ನಲ್ಲಿ 2000 ಸರಣಿಯಿಂದ ಪಟ್ಟಿ ಶುರು. ನನ್ನ 2600ಗೆ ಬಯೋಸಿನಲ್ಲಿ ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಟಿಪಿಎಂ) ಚಾಲೂ ಮಾಡಿದ್ದೇ ಸಾಕಾಯಿತು. ತಮ್ಮನ 7400 ಹೊರಗುಳಿಯಿತು.

ಅಡ್ಡದಾರಿಯಲ್ಲಿ 11 ಹಾಕುವವರಿದ್ದಾರೆ. ಆದರೆ ವಿಂಡೋಸ್ 11ರ ಮೇಲೆ ವ್ಯಾಲೊರಂಟ್ ಆಡಲು ಟಿಪಿಎಂ, ಸೆಕ್ಯೂರ್ ಬೂಟ್ (ಪಿಸಿ ಶುರುವಾಗುವಾಗಿನ ಭದ್ರತಾ ತಪಾಸಣೆ) ಎರಡೂ ಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಲಿನಕ್ಸ್ ಇನ್ನೊಂದು ದಾರಿ. ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ, ಸ್ಟೀಮಿನ ಪ್ರೋಟಾನ್ ಇಂದ ಕಥೆಯ ಆಟಗಳು ಭಾಳಷ್ಟು ಚಲೋ ಓಡುತ್ತವೆ. ವ್ಯಾಲೊರಂಟ್ ಓಡುವುದೇ ಇಲ್ಲ. ಮನೆಯಲ್ಲಿ ಯುಪಿಐ, ಬ್ಯಾಂಕಿನ ಕೆಲಸವೂ ಇದೇ ಡಬ್ಬಿಯಲ್ಲಿ ನಡೆಯುತ್ತಿದ್ದರೆ ತೇಪೆ ನಿಂತ ವಿಂಡೋಸ್ ಮೇಲೆ ಕೂಡುವುದು ಬೇಡ.

ಹೊಸದೇ ತಗೊಳ್ಳುವುದಾದರೆ

ಬೋರ್ಡು, ಪ್ರೊಸೆಸರು, ರ‍್ಯಾಮು ಈ ಮೂರೂ ಒಟ್ಟಿಗೆ ಬದಲಾಗಬೇಕು ಅಂತಾದರೆ ಅದು ರಿಪೇರಿಯಲ್ಲ, ಹೊಸ ಪಿಸಿಯೇ. ಆಗ ಹಳೇದರಿಂದ ಕಾರ್ಡು, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್ ಇಳಿಸಿಕೊಂಡು ಉಳಿದದ್ದಷ್ಟೇ ಕೊಳ್ಳಿ. ಗೇಮಿಂಗ್ ಲ್ಯಾಪ್‌ಟಾಪ್ ಹಾಸ್ಟೆಲಿನವರಿಗೆ ಸರಿ, ಟೇಬಲ್ ಇದ್ದವರಿಗೆ ಅಲ್ಲ. ಅದರ ಕಾರ್ಡು ಬೋರ್ಡಿಗೇ ಬೆಸೆದಿರುತ್ತದೆ, ಐದು ವರ್ಷಕ್ಕೆ ಕಾರ್ಡು ದಣಿದರೆ ಅದನ್ನಷ್ಟೇ ಬದಲಿಸಲು ಬರುವುದಿಲ್ಲ. ಕನ್ಸೋಲಿನ ಡಬ್ಬಿ ಅಗ್ಗ ಅನ್ನಿಸುತ್ತದೆ, ಆಮೇಲೆ ಒಂದೊಂದು ಆಟದ ಬೆಲೆ ನೋಡಿ ತಲೆ ತುರಿಸಿಕೊಳ್ಳಬೇಕು. ಕಾಲೇಜಿನ ಪ್ರಾಜೆಕ್ಟೂ ಅದರಲ್ಲಿ ಆಗದು.

ತಮ್ಮನಿಗೆ ಕೊನೆಗೆ ಕೊಡಿಸಿದ್ದು ಮೂರೇ: 1 ಟಿಬಿ ಎನ್‌ವಿಎಂಇ, ಸೆಕೆಂಡ್ ಹ್ಯಾಂಡ್ 8 ಜಿಬಿ ಕಡ್ಡಿ, 550 ವ್ಯಾಟಿನ ಎಸ್‌ಎಂಪಿಎಸ್. ಕಾರ್ಡಿಗೆ ಈಗ ರೊಕ್ಕ ಹಾಕಬೇಡ, ಆ ನಾಲ್ಕು ಕೋರಿಗೆ 6600 ಕಟ್ಟಿದರೂ ಅರ್ಧ ಹೊತ್ತು ಅದು ಕೂತೇ ಇರುತ್ತದೆ ಅಂದೆ. ಮುಖ ಸಣ್ಣದು ಮಾಡಿದ. ಬೋರ್ಡು, ಪ್ರೊಸೆಸರು, ರ‍್ಯಾಮು ಅವನ ನೌಕರಿ ಹತ್ತಿದ ಮೇಲೆ, ಅಲ್ಲಿಯವರೆಗೆ ಎಫ್‌ಎಸ್‌ಆರ್ ಮತ್ತು 60 ಫ್ರೇಮು ಅಂತ ಕಾಕಾನ ಎದುರಿಗೇ ಒಪ್ಪಂದವಾಯಿತು.

ಕಿತ್ತ ಹಾರ್ಡ್ ಡಿಸ್ಕನ್ನು ಅವನು ರದ್ದಿಗೆ ಹಾಕುವುದರಲ್ಲಿದ್ದ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿದರೆ ಒಂದೂ ಕೆಟ್ಟ ಸೆಕ್ಟರ್ ಇರಲಿಲ್ಲ. 3.5 ಇಂಚಿನ ಡಿಸ್ಕಾದ್ದರಿಂದ ಅಡಾಪ್ಟರ್ ಇರುವ ಯುಎಸ್‌ಬಿ ಕೇಸನ್ನೇ ತರಿಸಿದೆವು, ಬರೀ ಯುಎಸ್‌ಬಿಯ ಕರೆಂಟಿಗೆ ಅದು ತಿರುಗುವುದಿಲ್ಲ. ಈಗ ಅದು ಚಿಗವ್ವನ ತಿಜೋರಿಯಲ್ಲಿದೆ, ಅಕ್ಕನ ಮದುವೆಯ ವಿಡಿಯೋ ಪೂರ್ತಿ ಅದರಲ್ಲೇ.